ಎರಡು ಸೂರ್ಯೋದಯಗಳ ದಾರಿ: ಪರ್ತ್–ಕೊಗ್ಗಲ ವಾಯುಮಾರ್ಗದ ದೂರ ಮತ್ತು ಕಾಲ

ಊರಿಂದೂರಿಗೆ ಇರುವ ದೂರವನ್ನು ಜನಪದರು ಬಹುಮಟ್ಟಿಗೆ ಕಾಲದಿಂದಲೇ ಗುರುತಿಸುತ್ತಿದ್ದರು. ಹರದಾರಿ, ಗಾವುದಗಳು ಬಳಕೆಯಲ್ಲಿದ್ದರೂ ಹೊತ್ತು ಮುಳುಗುವುದರೊಳಗೆ ಸೇರಬಹುದೇ ಎಂಬುದೇ ಪಯಣಿಗನ ಮುಖ್ಯ ಪ್ರಶ್ನೆಯಾಗಿತ್ತು. ವಿಮಾನಯಾನದ ಯುಗದಲ್ಲಿ ಈ ಬಗೆಯ ಗಣನೆ ಅಳಿಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಒಂದು ವಾಯುಮಾರ್ಗ ಈ ಭಾವನೆಗೆ ಅಪವಾದವಾಗಿದೆ.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ವಶವಾದುದರಿಂದ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡುಗಳ ನಡುವಿನ ವಿಮಾನ ಸಂಪರ್ಕ ಕಡಿದುಹೋಯಿತು. ಅದನ್ನು ಮರಳಿ ಜೋಡಿಸಲು ಕ್ವಾಂಟಾಸ್ ಸಂಸ್ಥೆಯು 1943ರಲ್ಲಿ ಪರ್ತ್ ನಗರದಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ನೇರ ಹಾರಾಟವನ್ನು ಆರಂಭಿಸಿತು. ಬಳಸಿದ್ದು ಕ್ಯಾಟಲೀನಾ ಎಂಬ, ನೀರಿನ ಮೇಲೆ ಇಳಿಯುವ ವಿಮಾನಗಳನ್ನು. ಆದ್ದರಿಂದ ಒಂದು ತುದಿಯಲ್ಲಿ ಸ್ವಾನ್ ನದಿ, ಇನ್ನೊಂದು ತುದಿಯಲ್ಲಿ ಸರೋವರವೇ ನಿಲ್ದಾಣ.

ಇವೆರಡರ ನಡುವಿನ ನೇರ ದೂರ ಸುಮಾರು 5,650 ಕಿ.ಮೀ. ಗಂಟೆಗೆ 200 ಕಿ.ಮೀ. ಆಸುಪಾಸಿನ ವೇಗದಲ್ಲಿ ಲೆಕ್ಕ ಹಾಕಿದರೆ 28 ಗಂಟೆಯ ಪಯಣ. ಗಾಳಿ ಎದುರಾದಾಗ ಅದು 30 ಗಂಟೆಯನ್ನೂ ಮೀರುತ್ತಿತ್ತು. ನಡುವೆ ಇಂಧನ ತುಂಬಿಕೊಳ್ಳುವ ಅವಕಾಶವಿರಲಿಲ್ಲ. ಹೆಚ್ಚುವರಿ ತೊಟ್ಟಿಗಳ ಭಾರದಿಂದಾಗಿ ಮೂವರು ಪ್ರಯಾಣಿಕರಿಗೂ 69 ಕಿ.ಗ್ರಾಂ. ಅಂಚೆಗೂ ಮಾತ್ರ ಸ್ಥಳ ಉಳಿಯುತ್ತಿತ್ತು. ಅಂದರೆ ದೂರವನ್ನು ಗೆಲ್ಲಲು ವಿಮಾನವು ತನ್ನ ಉಪಯೋಗವನ್ನೇ ಬಹುಪಾಲು ಬಿಟ್ಟುಕೊಡಬೇಕಾಗಿತ್ತು. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೊ ಮೌನವನ್ನು ಪಾಲಿಸಲಾಗುತ್ತಿತ್ತು. ಜಪಾನಿ ವಿಮಾನಗಳ ಗಸ್ತಿನ ವ್ಯಾಪ್ತಿಯನ್ನು ಕತ್ತಲಲ್ಲಿ ದಾಟುವಂತೆ ಹೊರಡುವ ವೇಳೆ ಗೊತ್ತಾಗುತ್ತಿತ್ತು. ನಕ್ಷತ್ರಗಳನ್ನು ನೋಡಿ ದಿಕ್ಕನ್ನು ನಿರ್ಧರಿಸಲಾಗುತ್ತಿತ್ತು. ಐದು ವಿಮಾನಗಳಿಗೂ ನಕ್ಷತ್ರಗಳ ಹೆಸರುಗಳೇ ಇದ್ದವು: ಆಲ್ಟೇರ್, ವೇಗಾ, ರೈಜೆಲ್, ಅಂಟಾರೆಸ್, ಸ್ಪೈಕಾ. ಕೊನೆಯ ಎರಡು ನಮ್ಮ ಜ್ಯೇಷ್ಠಾ ಮತ್ತು ಚಿತ್ರಾ ನಕ್ಷತ್ರಗಳು.

ಹಾರಾಟದ ನಡುವೆ ಸೂರ್ಯ ಎರಡು ಬಾರಿ ಉದಯಿಸುತ್ತಿದ್ದನು. ಈ ಸೇವೆಗೆ ಉಳಿದುಬಂದ ಹೆಸರು ದೂರವನ್ನಾಗಲಿ ಊರುಗಳನ್ನಾಗಲಿ ಆಧರಿಸಿದ್ದಲ್ಲ, ಈ ಎರಡು ಉದಯಗಳನ್ನು ಆಧರಿಸಿದ್ದು. ಪ್ರಯಾಣ ಮುಗಿಸಿದವರಿಗೆ 'ಎರಡು ಸೂರ್ಯೋದಯಗಳ ಗುಪ್ತ ಬಳಗ'ದ ಸದಸ್ಯತ್ವದ ಪ್ರಮಾಣಪತ್ರವನ್ನು ಕೊಡಲಾಗುತ್ತಿತ್ತು. 24 ಗಂಟೆಗೂ ಮಿಕ್ಕಿ ಎಡೆಬಿಡದೆ ಆಕಾಶದಲ್ಲಿದ್ದುದಕ್ಕೆ ಅದು ಸಾಕ್ಷಿ. ಇದನ್ನು ಕೇವಲ ವಿನೋದವೆಂದು ಬದಿಗಿರಿಸಲಾಗದು. ಭೂಮಧ್ಯರೇಖೆಯನ್ನು ಮೊದಲ ಸಲ ದಾಟಿದವರಿಗೆ ಐರೋಪ್ಯ ನಾವಿಕರು ಆಚರಿಸುತ್ತಿದ್ದ ದೀಕ್ಷಾವಿಧಿಯ ಮುಂದುವರಿಕೆಯನ್ನು ಇಲ್ಲಿ ಕಾಣಬಹುದು. ಈ ವಿಮಾನಗಳೂ ಆ ರೇಖೆಯನ್ನು ದಾಟಿಯೇ ಹೋಗುತ್ತಿದ್ದವು. ವೃತ್ತಿ ಜಾನಪದದ ಅಧ್ಯಯನವು ಇಂತಹ ಕಾಗದಗಳನ್ನು ಸಾಕಷ್ಟು ಗಮನಿಸಿಲ್ಲ.

1945ರ ಜುಲೈ ವೇಳೆಗೆ ಈ ಸೇವೆ ಕೊನೆಗೊಂಡಾಗ 271 ಹಾರಾಟಗಳು ನಡೆದಿದ್ದವು. ಒಂದು ವಿಮಾನವೂ ದಾರಿಯಲ್ಲಿ ನಷ್ಟವಾಗಿರಲಿಲ್ಲ. 2018ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ ಪರ್ತ್‌ನಿಂದ ಲಂಡನ್ನಿಗೆ ನೇರ ಹಾರಾಟವನ್ನು ಆರಂಭಿಸಿತು. ಸುಮಾರು 14,500 ಕಿ.ಮೀ. ದೂರಕ್ಕೆ ತಗುಲಿದ್ದು 17 ಗಂಟೆಗಳಷ್ಟೆ. ಹಳೆಯ ದಾರಿಯ ಎರಡೂವರೆ ಪಟ್ಟು ದೂರ, ಕಾಲ ಮಾತ್ರ ಅರ್ಧಕ್ಕಿಂತ ತುಸು ಹೆಚ್ಚು.

ಯುದ್ಧ ಮುಗಿದ ಮೇಲೆ ಆ ಕ್ಯಾಟಲೀನಾಗಳನ್ನು ಅಮೆರಿಕದೊಡನೆ ಆಗಿದ್ದ ಲೆಂಡ್-ಲೀಸ್ ಕರಾರಿಗನುಗುಣವಾಗಿ ಸಮುದ್ರದಲ್ಲಿ ಮುಳುಗಿಸಲಾಯಿತು. ಪ್ರಯಾಣಿಕರ ಕೈಸೇರಿದ್ದ ಪ್ರಮಾಣಪತ್ರಗಳಲ್ಲಿ ಕೆಲವು ಉಳಿದಿವೆ.