ಜೈವಿಕ ದ್ರವೀಕೃತ ಸ್ತರ

ಸೂಕ್ಷ್ಮಜೀವಿಗಳು ಅಂಟಿ ಬೆಳೆದ ಮರಳು, ಸಕ್ರಿಯ ಇಂಗಾಲ ಮೊದಲಾದ ಕಣಗಳನ್ನು ಕೆಳಗಿನಿಂದ ಹರಿಸಿದ ದ್ರವದಲ್ಲಿ ತೇಲಿಸಿಟ್ಟು ಜೈವಿಕ ಕ್ರಿಯೆ ನಡೆಸುವ ವ್ಯವಸ್ಥೆ. ಕೊಳಚೆನೀರಿನ ಶುದ್ಧೀಕರಣದಲ್ಲಿ, ನೈಟ್ರೇಟ್ ನಿವಾರಣೆಯಲ್ಲಿ ಬಳಕೆಯಲ್ಲಿದೆ. ಸಣ್ಣ ಕಣಗಳು ಒದಗಿಸುವ ವಿಪುಲ ಮೇಲ್ಮೈ ಮತ್ತು ಸ್ತರ ಕಟ್ಟಿಕೊಳ್ಳದಿರುವುದು ಇದರ ಮುಖ್ಯ ಗುಣಗಳು.

ಕಣಗಳ ವರ್ತನೆ: ಹರಿವು ನಿಧಾನವಿದ್ದಾಗ ಕಣಗಳು ಒಂದರ ಮೇಲೊಂದು ಕೂತಿರುತ್ತವೆ, ದ್ರವ ಸಂದುಗಳಲ್ಲಿ ನುಸುಳುತ್ತದೆ. ವೇಗ ಹೆಚ್ಚಿದಂತೆ ಸ್ತರದಲ್ಲಿ ಒತ್ತಡದ ನಷ್ಟವೂ ಏರುತ್ತದೆ. ಮೇಲ್ಮುಖ ಸೆಳೆತ ಮುಳುಗಿದ ಕಣಗಳ ತೂಕಕ್ಕೆ ಸಮನಾದಾಗ ಸ್ತರ ಸಡಿಲಗೊಳ್ಳುತ್ತದೆ. ಆಗಿನ ವೇಗವೇ ಕನಿಷ್ಠ ದ್ರವೀಕರಣ ವೇಗ. ಅಲ್ಲಿಂದಾಚೆಗೆ ಒತ್ತಡದ ನಷ್ಟ ಹೆಚ್ಚುಕಡಿಮೆ ಸ್ಥಿರವಾಗಿದ್ದು, ಸ್ತರ ಹಿಗ್ಗುತ್ತಾ ಹೋಗುತ್ತದೆ. ಈ ಹಿಗ್ಗನ್ನು 1954ರ ರಿಚರ್ಡ್‌ಸನ್–ಜಾಕಿ ಸಮೀಕರಣದಿಂದ ಅಂದಾಜಿಸುತ್ತಾರೆ. ಗೋಳಾಕಾರದ ಕಣಗಳಿಗೆ ಅದರ ಘಾತಾಂಕ ಹರಿವಿನ ಸ್ವರೂಪಕ್ಕೆ ತಕ್ಕಂತೆ ಸುಮಾರು 4.65ರಿಂದ 2.4ಕ್ಕೆ ಇಳಿಯುತ್ತದೆ.

ಜೈವಿಕ ಪೊರೆಯ ಪ್ರಭಾವ: ಮರಳಿನ ಸಾಂದ್ರತೆ ನೀರಿನ ಸುಮಾರು 2.65 ಪಟ್ಟು; ಕಣಗಳ ಮೇಲೆ ಸೂಕ್ಷ್ಮಜೀವಿಗಳು ಕಟ್ಟುವ ಪೊರೆಯದು ನೀರಿಗಿಂತ ತುಸುವೇ ಹೆಚ್ಚು. ಪೊರೆ ದಪ್ಪವಾದಂತೆ ಕಣದ ಗಾತ್ರ ಹಿರಿದಾದರೂ ಸರಾಸರಿ ಸಾಂದ್ರತೆ ಕುಗ್ಗುತ್ತದೆ. ಹೀಗೆ ಹಗುರಾದ ಕಣಗಳು ಸ್ತರದ ಮೇಲ್ಭಾಗಕ್ಕೆ ಸೇರಿ, ಹೊರಹರಿವಿನಲ್ಲಿ ಕೊಚ್ಚಿಹೋಗುವ ಸಂಭವವಿರುತ್ತದೆ. ಪೊರೆ ಅತಿಯಾಗಿ ದಪ್ಪವಾದರೆ ಆಮ್ಲಜನಕವೂ ಪೋಷಕಾಂಶಗಳೂ ಒಳಪದರ ತಲುಪುವುದಿಲ್ಲ. ಆದ್ದರಿಂದ ಮೇಲ್ಭಾಗದ ಕಣಗಳನ್ನು ಆಗಾಗ ಹೊರತೆಗೆದು, ಹೆಚ್ಚುವರಿ ಪೊರೆ ಉಜ್ಜಿ ಕಳೆದು, ಮತ್ತೆ ಸ್ತರಕ್ಕೆ ಸೇರಿಸುತ್ತಾರೆ.