ವಿಯೆಟ್ನಾಮೀ ಭೋಜನವೂ ಹಾಸ್ಯರಂಗವೂ

1859ರಲ್ಲಿ ಸೈಗಾನನ್ನು ವಶಪಡಿಸಿಕೊಂಡು 1887ರಲ್ಲಿ ಇಂಡೋಚೀನಾ ಒಕ್ಕೂಟವನ್ನು ಸ್ಥಾಪಿಸಿದ ಫ್ರೆಂಚರು ತಮ್ಮ ಮೇಜಿಗೆಂದು ತಂದ ಗೋಧಿರೊಟ್ಟಿಯನ್ನು, ಅನ್ನವನ್ನೇ ಪ್ರಧಾನಾಹಾರವಾಗುಳ್ಳ ವಿಯೆಟ್ನಾಮಿನ ಜನರು, ಹಂದಿಮಾಂಸ, ಹುಳಿಗಟ್ಟಿಸಿದ ಮೂಲಂಗಿ, ಕೊತ್ತಂಬರಿ, ಹಸಿಮೆಣಸಿನಕಾಯಿಗಳನ್ನು ತುಂಬಿ 'ಬಾನ್ ಮಿ' ಎಂಬ ಸ್ವಕೀಯ ಭಕ್ಷ್ಯವನ್ನಾಗಿ ಪರಿವರ್ತಿಸಿದರು. ದನದ ಎಲುಬಿನ ಸಾರಿನಲ್ಲಿ ಅಕ್ಕಿಶ್ಯಾವಿಗೆಯನ್ನು ಬಡಿಸುವ 'ಫೋ' ಕೂಡ ವಸಾಹತುಕಾಲದಲ್ಲಿಯೇ ಉತ್ತರಪ್ರಾಂತ್ಯದಲ್ಲಿ ರೂಪುಗೊಂಡಿತು. ಅಧೀನರು ಆಳುವವರಿಂದ ಪಡೆದುದನ್ನೂ ಬಲಿಷ್ಠರು ದುರ್ಬಲರಿಂದ ಎತ್ತಿಕೊಂಡುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡನೆಯದಕ್ಕೆ ನಿದರ್ಶನವೆಂಬಂತೆ, 2016ರಲ್ಲಿ ಅಮೆರಿಕದ ಪಾಕಪತ್ರಿಕೆಯೊಂದು, ಫೋವನ್ನು ಉಣ್ಣಬೇಕಾದ ಕ್ರಮವನ್ನು ಬಿಳಿಯ ಬಾಣಸಿಗನೊಬ್ಬನಿಂದ, ಅದೂ ಗುರೂಪದೇಶದ ಧಾಟಿಯಲ್ಲಿ, ಹೇಳಿಸಿ ತೀವ್ರ ಖಂಡನೆಗೆ ಗುರಿಯಾಯಿತು.

ಈ ಅಸಮತೆಯನ್ನು ನಗೆಯ ಮೂಲಕ ತಲೆಕೆಳಗು ಮಾಡಿದ ಕೃತಿಗಳಲ್ಲಿ, ಕ್ವೀ ನುಯೆನ್ ರಚಿಸಿ 2015ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪ್ರಥಮ ಪ್ರಯೋಗ ಕಂಡ 'ವಿಯೆಟ್‌ಗಾನ್' ಎಂಬ ನಾಟಕ ಗಣ್ಯವಾದುದು. 1975ರಲ್ಲಿ ವಿಯೆಟ್ನಾಂ ಯುದ್ಧದ ಕೊನೆಗೆ ಸೈಗಾನ್ ಪತನವಾದ ಬಳಿಕ ಆರ್ಕನ್ಸಾದ ನಿರಾಶ್ರಿತ ಶಿಬಿರವನ್ನು ಸೇರಿದ, ನಾಟಕಕಾರನ ತಂದೆತಾಯಿಗಳ ಪ್ರತಿರೂಪವೇ ಆದ ನಾಯಕನಾಯಿಕೆಯರು ಇಲ್ಲಿ ನಿರರ್ಗಳ ಇಂಗ್ಲಿಷಿನಲ್ಲಿ ಸರಸವಾಡಿದರೆ, ಅಮೆರಿಕನ್ ಪಾತ್ರಗಳ ಬಾಯಿಂದ ಹೊರಡುವುದು ಚೀಸ್‌ಬರ್ಗರ್ ಮೊದಲಾದ ತಿನಿಸಿನ ಹೆಸರುಗಳು ಬೆರೆತ ಅಸಂಬದ್ಧ ಪ್ರಲಾಪವಷ್ಟೆ. ಪರದೇಶಿಯೆಂದರೆ ಯಾರೆಂಬುದನ್ನು ಪ್ರೇಕ್ಷಕನು ನಗುತ್ತಲೇ ಮರುವಿಚಾರಿಸಬೇಕಾಗುವ ಈ ತಂತ್ರವೇ ನಾಟಕದ ಜೀವಾಳ. ನಡುನಡುವೆ ಬರುವ ರ‍್ಯಾಪ್ ಗೀತಗಳು ಅದಕ್ಕೆ ಪೂರಕ.