ಗುಡ್ಡ ಕರೆದಾಗ ಚಿಪ್ ಓಗೊಡಬೇಕು

2003ರ ಜೂನ್ 22ರ ರಾತ್ರಿ, ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾ ವಿಶೇಷ ರೈಲು ವೈಭವವಾಡಿ ಬಳಿ ಹಳಿಗೆ ಕುಸಿದಿದ್ದ ಬಂಡೆಗಳಿಗೆ ಬಡಿದು ಉರುಳಿತು. 50ಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಜಾರಿತು. ಗುಡ್ಡ ಜರುಗಿದ ಕ್ಷಣವೇ ಸೈರನ್ ಕೂಗಿಸಬಹುದೇ ಎಂದು ಅಂದಿನಿಂದ ನಾವು ಕೇಳಿಕೊಳ್ಳುತ್ತಿದ್ದೇವೆ.

ಓರೆ ಅಳೆಯುವ ಸೆನ್ಸರ್, ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್, ಒಂದು ಸೈರನ್ ಇದ್ದರೆ ಇಂಥ ಯಂತ್ರ ಕಟ್ಟಬಹುದು. ಅದರ ಜೀವ ಇರುವುದು ‘ಇಂಟರಪ್ಟ್’ನಲ್ಲಿ. ಹಾಗೆಂದರೇನು? ಮೀನು ಬಂತೇ ಎಂದು ನಾವು ಗಳಿಗೆಗೊಮ್ಮೆ ಬಾಗಿಲಿಗೆ ಹೋಗಿ ನೋಡುವುದಿಲ್ಲ. ಅಡುಗೆ ಮಾಡುತ್ತಿರುತ್ತೇವೆ. ಹಾರ್ನ್ ಕೇಳಿದೊಡನೆ ಉರಿ ಸಣ್ಣ ಮಾಡಿ, ಮೀನು ಕೊಂಡು, ಬಿಟ್ಟಲ್ಲಿಂದಲೇ ಅಡುಗೆ ಮುಂದುವರಿಸುತ್ತೇವೆ. ಚಿಪ್ ಮಾಡುವುದೂ ಇಷ್ಟೇ. ಹಾರ್ನ್ ಕೇಳಿದಾಗ ಮಾಡುವ ಕೆಲಸದ ಪಟ್ಟಿಗೆ ‘ಇಂಟರಪ್ಟ್ ಹ್ಯಾಂಡ್ಲರ್’ ಎನ್ನುತ್ತಾರೆ.

1950ರ ದಶಕದಲ್ಲಿ ಇದು ಕಂಪ್ಯೂಟರ್‌ಗಳಿಗೆ ಬಂದಾಗ ಬಲ್ಲವರೂ ಅಂಜಿದ್ದರು. ಕರೆ ಯಾವ ಗಳಿಗೆಯಲ್ಲಾದರೂ ಬರಬಹುದು; ಆಗ ಆದ ತಪ್ಪು ಮತ್ತೆ ಹುಡುಕಿದರೆ ಸಿಗದು. ನೆದರ್‌ಲ್ಯಾಂಡ್ಸ್‌ನ ಡೈಕ್‌ಸ್ಟ್ರಾ ಎಕ್ಸ್1 ಎಂಬ ಯಂತ್ರಕ್ಕೆ ಹ್ಯಾಂಡ್ಲರ್ ಬರೆದು, ಅದೇ ವಿಷಯದ ಮೇಲೆ 1959ರಲ್ಲಿ ಡಾಕ್ಟರೇಟ್ ಪಡೆದರು.

1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಹೊಸಬರಿಗೆಂದೇ ಬೇಸಿಕ್ ಭಾಷೆ ರೂಪಿಸಿದರು. 1980ರ ದಶಕದಲ್ಲಿ ಇಂಟೆಲ್ ತನ್ನ 8052 ಚಿಪ್‌ನೊಳಗೇ ಬೇಸಿಕ್ ತುಂಬಿ ಕೊಟ್ಟಿತು. ಅದರಲ್ಲಿ ‘ಆನ್‌ಇಎಕ್ಸ್1’ ಎಂದು ಬರೆದು ಒಂದು ಸಾಲಿನ ಸಂಖ್ಯೆ ಕೊಟ್ಟರೆ ಸಾಕು. ಹೊರಗಿನ ತಂತಿಯಿಂದ ಕರೆ ಬಂದಾಗ, ಕೈಯಲ್ಲಿರುವ ಆಜ್ಞೆ ಮುಗಿಸಿ ಚಿಪ್ ಆ ಸಾಲಿಗೆ ಹೋಗುತ್ತದೆ. ಕೆಲಸ ಮುಗಿದಾಗ ‘ರೆಟಿ’ ಎಂದರೆ ಹಿಂದಿರುಗುತ್ತದೆ.

ಅಪಾಯ ಇರುವುದು ಇಲ್ಲೇ. ‘ರೆಟಿ’ ಬರೆಯಲು ಮರೆತರೆ, ಮುಂದಿನ ಯಾವ ಕರೆಗೂ ಆ ಚಿಪ್ ಓಗೊಡುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಸೈರನ್ ಚೆನ್ನಾಗಿಯೇ ಕೂಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ನಿಜವಾಗಿ ಗುಡ್ಡ ಜರುಗಿದ ದಿನ ಅದು ಕಿವುಡು.

ಇಂದು ಚಿಪ್ ಬದಲಾಗಿವೆ, ಭಾಷೆಗಳೂ ಬದಲಾಗಿವೆ. ಆದರೆ ಈ ಪಾಠ ಹಳೆಯದಾಗಿಲ್ಲ. ನಿಮ್ಮೂರ ಗುಡ್ಡದ ಬುಡದಲ್ಲಿ ನಾಳೆ ಯಾರಾದರೂ ಎಚ್ಚರಿಕೆ ಯಂತ್ರ ನಿಲ್ಲಿಸಿದರೆ, ಒಮ್ಮೆ ಕೂಗಿದ್ದನ್ನು ಕೇಳಿ ಮನೆಗೆ ಹೋಗಬೇಡಿ. ಎರಡನೇ ಸಲವೂ ಕೂಗಿಸಿ ತೋರಿಸಿ ಎನ್ನಿ.